ಬೆಂಜಮಿನ್ ಕಸ್ತೆಲಿನೊ ‘ಆಯಿತು’ ಎಂದ ದಿನ

ಕಟಪಾಡಿಯ ಬೆಂಜಮಿನ್ ಕಸ್ತೆಲಿನೊ ಆ ಸಂಜೆ ಇಗರ್ಜಿಯಲ್ಲಿ ಎಂದಿನಂತೆ ತೂಕಡಿಸಿದ್ದರೆ ಈ ಕತೆ ನಡೆಯುತ್ತಲೇ ಇರಲಿಲ್ಲ. ದುರದೃಷ್ಟಕ್ಕೆ ಅವನು ಎಚ್ಚರವಾಗಿದ್ದ.

ಊರಿನಲ್ಲಿ ರೆತಿರ್ ನಡೆಯುತ್ತಿತ್ತು. ರೆತಿರ್ ಎಂದರೆ ಊರಿನ ಪಾದ್ರಿಗಳು ವರ್ಷವಿಡೀ ಹೇಳಿದ್ದನ್ನೇ ಹೊರಗಿನ ಪಾದ್ರಿಗಳೊಬ್ಬರು ಬಂದು ಮೂರು ದಿನ ಗಟ್ಟಿ ಸ್ವರದಲ್ಲಿ ಹೇಳಿ ಹೋಗುವುದು. ಹೊರಗಿನವರ ಬಾಯಿಂದ ಬಂದಾಗ ಜನರಿಗೆ ಅದು ಹೊಸತೆಂದು ಕಾಣುತ್ತದೆ. ಆ ಸಲ ಬಂದವರು ಫಾದರ್ ಜಾರ್ಜ್. ಎದೆಯವರೆಗೆ ಗಡ್ಡ, ಗಡ್ಡಕ್ಕೆ ತಕ್ಕ ಗಂಟಲು. ಕೊನೆಯ ದಿನ ಅವರು ಪ್ರವಚನದ ಪೀಠ ಹತ್ತಿ, ಕೆಳಗೆ ಕುಳಿತವರನ್ನೆಲ್ಲ ಒಮ್ಮೆ ದುರುಗುಟ್ಟಿ ನೋಡಿ ಶುರು ಮಾಡಿದರು.

“ನೀವು ಯೋಜನೆ ಹಾಕುತ್ತೀರಿ. ನಾಳೆ ಇದು, ನಾಡಿದ್ದು ಅದು. ಎಲ್ಲ ನೀವೇ ನಿಶ್ಚಯ ಮಾಡಿದರೆ ಮೇಲೆ ಕುಳಿತ ದೇವರು ಎಂತ ಮಾಡುವುದು? ಲಗಾಮು ಅವನ ಕೈಗೆ ಕೊಡಿ. ಅವನು ಯಾರ ಬಾಯಿಯಿಂದ ಎಂತ ಕೇಳಿದರೂ ‘ಆಯಿತು’ ಅನ್ನಿ. ಒಂದು ದಿನ, ಒಂದೇ ಒಂದು ದಿನ ಹಾಗೆ ಬದುಕಿ ನೋಡಿ.”

ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಕೆಮ್ಮಿದರು. ಆಮೇಲೆ ಎಲ್ಲರೂ ಅಂಗಳಕ್ಕೆ ಬಂದು ನಾಳೆಯ ಮೀನು, ನಾಡಿದ್ದಿನ ಕಟಾವು, ಮುಂದಿನ ವಾರದ ಕೋರ್ಟು ಇವುಗಳ ಬಗ್ಗೆ ಮಾತಾಡುತ್ತ ಮನೆಗೆ ಹೋದರು. ಪ್ರವಚನವನ್ನು ಪ್ರವಚನವೆಂದು ತಿಳಿಯುವಷ್ಟು ಬುದ್ಧಿ ಆ ಊರಿನವರಿಗೆ ಇತ್ತು. ಬೆಂಜಮಿನ್ ಒಬ್ಬನೇ ಅದನ್ನು ಮನಸ್ಸಿಗೆ ಹಚ್ಚಿಕೊಂಡ.

ಅದಕ್ಕೆ ಕಾರಣವೂ ಇತ್ತು. ಹೆಂಚಿನ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ ಅವನಿಗೆ ಯೋಜನೆ ಹಾಕುವುದು ಹುಟ್ಟಿನಿಂದ ಬಂದ ಕಾಯಿಲೆ. ಮೀನು ತರಲು ಹೊರಟರೆ ಬಂಗುಡೆ ಇಲ್ಲದಿದ್ದರೆ ಬೂತಾಯಿ, ಬೂತಾಯಿ ಇಲ್ಲದಿದ್ದರೆ ನಂಗ್, ಅದೂ ಇಲ್ಲದಿದ್ದರೆ ಒಣಮೀನು ಎಂದು ನಿಶ್ಚಯಿಸಿದ ಮೇಲೆಯೇ ಮನೆಯ ಮೆಟ್ಟಿಲಿಳಿಯುವುದು. ಅಷ್ಟರಲ್ಲಿ ಮೀನಿನವಳು ಬುಟ್ಟಿ ತೊಳೆದುಕೊಂಡು ಹೋಗಿಯಾಗಿರುತ್ತಿತ್ತು. ಮದುವೆಯ ವಿಷಯದಲ್ಲೂ ಅವನ ಗತಿ ಇದೇ. ಶಂಕರಪುರದ ಹುಡುಗಿಯನ್ನು ನೋಡಿ ಬಂದು, ಮಾಡಿನ ಹೆಂಚು ಬದಲಾಯಿಸಿದ ಮೇಲೆ ಉತ್ತರ ಕೊಟ್ಟರೆ ಚೆಂದ ಎಂದುಕೊಂಡ. ಹೆಂಚು ಹೊದಿಸಿ ಮುಗಿಯುವಾಗ ಹುಡುಗಿ ಗಂಡನೊಟ್ಟಿಗೆ ಬೊಂಬಾಯಿಯಲ್ಲಿದ್ದಳು. ಶಿರ್ವದ ಹುಡುಗಿಯನ್ನು ಏನೇನು ಕೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋದ. ಅದನ್ನೆಲ್ಲ ಒಂದೂ ಬಿಡದೆ, ಹುಡುಗಿಯೆಂದೇ ತಿಳಿದು, ಅವಳ ಮದುವೆಯಾದ ಅಕ್ಕನನ್ನು ಕೇಳಿ ಬಂದ. ಹೀಗೆ ಅವನಿಗೆ ಮೂವತ್ತೇಳು ತುಂಬಿತ್ತು. ಸಾಕಿ ಬೆಳೆಸಿದ ಚಿಕ್ಕಮ್ಮ ಅಪೊಲೋನಿಯಾ ಬಾಯಿಗೆ ಮಂಡಿನೋವು. ಮನೆಗೊಬ್ಬಳು ಹೆಣ್ಣು ಬರಬೇಕು, ಅಡುಗೆಮನೆಯಲ್ಲಿ ಎರಡು ಬಳೆಯ ಸದ್ದು ಕೇಳಬೇಕು ಎಂದು ಬೆಂಜಮಿನನಿಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಯಾರೊಡನೆಯೂ ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು.

ಈಗ ಕಾರ್ಕಳದಲ್ಲಿ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗಿಯ ಹೆಸರು ಝೀಟಾ ಮಿನೇಜಸ್. ಶಾಲೆಯಲ್ಲಿ ಟೀಚರು, ವಯಸ್ಸು ಇಪ್ಪತ್ತೊಂಬತ್ತು. ತಾಯಿ ಇಲ್ಲ; ಮನೆಯಲ್ಲಿ ಕಿವಿ ಕೇಳದ ಒಬ್ಬ ಅಜ್ಜಿ. ತಂದೆ ಪ್ಯಾಟ್ರಿಕ್ ಮಿನೇಜಸರಿಗೆ ಬಜಗೋಳಿಯಲ್ಲಿ ಮರದ ಡಿಪೋ, ಅವರು ಮನೆಗೆ ಬರುವುದು ಶನಿವಾರ ಮಾತ್ರ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಗಂಡು ಬರಲಿ, ಅಪ್ಪನೂ ಅವತ್ತು ಬರುತ್ತಾರೆ ಎಂದು ಹುಡುಗಿಯೇ ಹೇಳಿ ಕಳುಹಿಸಿದ್ದಳು. ಆ ದಿನ ಮಾತಾದರೆ ಸೈ. ತಪ್ಪಿದರೆ ಮುಂದೆ ಕರೆಜ್ಮ ಬರುತ್ತದೆ, ನಲವತ್ತು ದಿನದ ತಪಸ್ಸಿನಲ್ಲಿ ಮದುವೆಯಿಲ್ಲ, ಈಸ್ಟರಿನ ಮೇಲೆ ಬೇರೆ ಯಾರಾದರೂ ಬಂದು ಕುಳಿತಿರುತ್ತಾರೆ. ಇಷ್ಟನ್ನು ಅವನಿಗೆ ತಿಳಿಹೇಳಿದವನು ರಾಯ್ಬಾರಿ ರೊಸಾರಿಯೊ.

ರಾಯ್ಬಾರಿ ಎಂದರೆ ಎರಡು ಮನೆಗಳ ನಡುವೆ ನಿಂತು ಸಂಬಂಧ ಕುದುರಿಸುವವನು. ಅವನಿಲ್ಲದೆ ಯಾವ ಗಂಡೂ ಹೆಣ್ಣಿನ ತಂದೆಯೆದುರು ಬಾಯಿ ತೆರೆಯುವ ಕ್ರಮವಿರಲಿಲ್ಲ. ತನಗಾಗಿ ತಾನೇ ಹೆಣ್ಣು ಕೇಳಿದರೆ ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ಲೆಕ್ಕ. ರೊಸಾರಿಯೊ ನಲವತ್ತೆರಡರ ವಿಧುರ. ಮದುವೆಗಳಲ್ಲಿ ಬ್ಯಾಂಡಿನೊಟ್ಟಿಗೆ ಕ್ಲಾರಿನೆಟ್ ಊದುತ್ತಿದ್ದ. ಮದುವೆ ಕುದುರಿಸುವವನೂ ಊದುವವನೂ ಒಬ್ಬನೇ ಆದ್ದರಿಂದ ಅವನಿಗೆ ಯಾವ ಸಂಬಂಧದಲ್ಲೂ ದೋಷ ಕಾಣುತ್ತಿರಲಿಲ್ಲ.

ರೆತಿರ್ ಮುಗಿದ ರಾತ್ರಿ ಬೆಂಜಮಿನ್ ಊಟಕ್ಕೆ ಕುಳಿತಲ್ಲೇ ಚಿಕ್ಕಮ್ಮನಿಗೆ ಹೇಳಿದ. “ಮಾವ್ಶಿ, ಈ ಸಲ ನಾನು ಯೋಜನೆ ಹಾಕುವುದಿಲ್ಲ. ಗುರುವಾರ ದೇವರಿಗೆ ಬಿಟ್ಟದ್ದು. ಅವತ್ತು ಬೆಳಗ್ಗೆ ಎದ್ದಲ್ಲಿಂದ ಮಲಗುವ ತನಕ ಯಾರು ಎಂತ ಕೇಳಿದರೂ ಇಲ್ಲ ಅನ್ನುವುದಿಲ್ಲ. ಹಾಗೆ ಹರಕೆ ಹೇಳಿಕೊಂಡಿದ್ದೇನೆ. ನೀವು ಯಾರಿಗೂ ಹೇಳಬೇಡಿ.”

ಅಪೊಲೋನಿಯಾ ಬಾಯಿ ಯಾರಿಗೂ ಹೇಳಲಿಲ್ಲ. ಹಿತ್ತಿಲ ರೋಸಿ ಬಾಯಿಗೆ ಮಾತ್ರ ಹೇಳಿದರು, ಅವಳು ಯಾರಿಗೂ ಹೇಳುವವಳಲ್ಲವೆಂದು. ತರಕಾರಿ ತರುವ ಮಟ್ಟುವಿನ ಭಟ್ಟರಿಗೂ ಹೇಳಿದರು, ಅವರು ನಮ್ಮ ಜಾತಿಯವರಲ್ಲದ ಕಾರಣ ಹೇಳಿದರೆ ದೋಷವಿಲ್ಲವೆಂದು. ಬುಧವಾರ ಸಂಜೆಯ ಹೊತ್ತಿಗೆ ಕಟಪಾಡಿ ಪೇಟೆಯಲ್ಲಿ ಈ ವಿಷಯ ಗೊತ್ತಿಲ್ಲದವನು ಬೆಂಜಮಿನ್ ಒಬ್ಬನೇ, ಅಂದರೆ ಅದು ಎಲ್ಲರಿಗೂ ಗೊತ್ತಾಗಿದೆ ಎಂಬ ವಿಷಯ.

ಗುರುವಾರ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಕೋಟು ತೊಟ್ಟು, ಪಾಲಿಶ್ ಮಾಡಿದ ಬೂಟಿನಲ್ಲಿ ಅಂಗಳಕ್ಕಿಳಿದ. ರೊಸಾರಿಯೊ ಆಗಲೇ ಬಂದು ಕಾಯುತ್ತಿದ್ದ. ಬೇಲಿಯಾಚೆಯಿಂದ ರೋಸಿ ಬಾಯಿಯ ಸ್ವರ ಬಂತು.

“ಬೆಂಜಮಿನ್ ಪುತಾ, ಉಡುಪಿ ಮೇಲೆಯೇ ಹೋಗುವುದಲ್ವಾ? ನನ್ನ ಮಗಳು ಬಾಣಂತಿ ಉಂಟು ಅಲ್ಲಿ. ಈ ಒಂದು ಕೋಳಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಅಳಿಯನ ಕೈಗೆ ಕೊಟ್ಟುಬಿಡು. ಅವ ಬಂದು ನಿಂತಿರುತ್ತಾನೆ.”

ರೊಸಾರಿಯೊ ಹುಬ್ಬು ಗಂಟಿಕ್ಕಿದ. “ಹೆಣ್ಣು ನೋಡಲಿಕ್ಕೆ ಹೋಗುವವನ ಕೈಯಲ್ಲಿ ಕೋಳಿ ಎಂತ ಮಾರಾಯ್ತಿ.”

“ನಾನು ಬೆಂಜಮಿನನನ್ನು ಕೇಳಿದ್ದು,” ಎಂದಳು ರೋಸಿ ಬಾಯಿ. “ಅವನು ಇವತ್ತು ಇಲ್ಲ ಅನ್ನುವುದಿಲ್ಲವಂತೆ.”

ಬೆಂಜಮಿನ್ ಆಕಾಶ ನೋಡಿದ. ಆಕಾಶದಿಂದ ಬೇರೆ ಸೂಚನೆಯೇನೂ ಬರಲಿಲ್ಲ. “ಆಯಿತು,” ಎಂದ. ಕಾಲು ಕಟ್ಟಿದ ಒಂದು ದಪ್ಪ ಕೆಂಪು ಹೇಂಟೆ ಅವನ ಎಡಗೈ ಸೇರಿತು.

ಕಟಪಾಡಿಯ ಜಂಕ್ಷನಿನಲ್ಲಿ ಮಟ್ಟುವಿನ ಯಜ್ಞನಾರಾಯಣ ಭಟ್ಟರು ಒಂದು ಬುಟ್ಟಿ ಗುಳ್ಳದೊಂದಿಗೆ ನಿಂತಿದ್ದರು. ಈಗಷ್ಟೇ ಕೊಯ್ದ ಗುಂಡನೆಯ ಹಸಿರು ಬದನೆ. ಉಡುಪಿಯ ಕಡೆಯವರು ಈ ಗುಳ್ಳವನ್ನು ತರಕಾರಿ ಎಂದರೆ ಒಪ್ಪುವುದಿಲ್ಲ, ಪ್ರಸಾದ ಎಂಬಂತೆ ಮಾತಾಡುತ್ತಾರೆ. “ಬೆಂಜಮಿನ್ನರೇ, ನಿಮಗಾಗಿಯೇ ಕಾದದ್ದು,” ಎಂದರು ಭಟ್ಟರು. “ರಥಬೀದಿಯ ಹಿಂದೆ ನಮ್ಮ ತಂಗಿ ನರ್ಮದೆಯ ಮನೆ ಉಂಟು. ಇದನ್ನು ಅಲ್ಲಿಗೆ ಮುಟ್ಟಿಸಿಬಿಡಿ. ನಿಮ್ಮದು ಒಳ್ಳೆಯ ಹರಕೆ. ನಮ್ಮಲ್ಲಿ ಹೀಗೆ ಮಾಡುವವರು ಯಾರೂ ಇಲ್ಲ.”

“ಆಯಿತು,” ಎಂದ ಬೆಂಜಮಿನ್.

“ಒಂದು ವಿಷಯ. ಗುಳ್ಳಕ್ಕೆ ಕೋಳಿ ತಾಗಬಾರದು. ಅವರದು ಮಡಿಯ ಮನೆ.”

ಅದಕ್ಕೂ ಆಯಿತು. ಬೆಂಜಮಿನ್ ಎಡಗೈಯಲ್ಲಿ ಕೋಳಿ, ಬಲಗೈಯಲ್ಲಿ ಗುಳ್ಳದ ಬುಟ್ಟಿ ಹಿಡಿದು, ಎರಡಕ್ಕೂ ಸಂಬಂಧ ಬಾರದಂತೆ ಕೈಗಳನ್ನು ಆಚೀಚೆ ಚಾಚಿ ಹೆದ್ದಾರಿಯ ಬದಿಯಲ್ಲಿ ನಿಂತ. ಇಗರ್ಜಿಗೆ ಹೋಗುತ್ತಿದ್ದ ಒಬ್ಬಳು ಮುದುಕಿ ಅವನನ್ನು ಕಂಡು ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿಕೊಂಡಳು.

ಬಸ್ಸಿನಲ್ಲಿ ಹೊಸ ನಯಾಪೈಸೆಯ ಚಿಲ್ಲರೆಗಾಗಿ ಕಂಡಕ್ಟರನಿಗೂ ಪ್ರಯಾಣಿಕರಿಗೂ ಜಗಳ ನಡೆದೇ ಇತ್ತು. ಆ ಗಲಾಟೆಯ ನಡುವೆ ಬೆಂಜಮಿನ್ ಕೈ ಚಾಚಿಯೇ ನಿಂತಿದ್ದ. ಉದ್ಯಾವರ ದಾಟುವಾಗ ಕೋಳಿ ತನ್ನ ಸ್ವಭಾವಕ್ಕೆ ತಕ್ಕಂತೆ ನಡೆದುಕೊಂಡಿತು; ಬಿಳಿ ಪ್ಯಾಂಟಿನ ಎಡಗಾಲು ಮೊಣಕಾಲಿನಿಂದ ಕೆಳಗೆ ಬಿಳಿಯಾಗಿ ಉಳಿಯಲಿಲ್ಲ. ರೊಸಾರಿಯೊ ತನ್ನ ಕರವಸ್ತ್ರವನ್ನು ಜೇಬಿನಲ್ಲಿ ಇನ್ನಷ್ಟು ಒಳಗೆ ತುರುಕಿಕೊಂಡು, “ದೇವರ ಚಿತ್ತ,” ಎಂದ. ಅವನಿಗೆ ಆ ದಿನ ದೇವರ ಚಿತ್ತ ನೆನಪಾದದ್ದು ಅದೇ ಮೊದಲು.

ಉಡುಪಿಯಲ್ಲಿ ರೋಸಿ ಬಾಯಿಯ ಅಳಿಯ ಬಂದು ನಿಂತಿರಲಿಲ್ಲ. ಅವನು ಹೋಟೆಲಿನಲ್ಲಿ ನಿಧಾನವಾಗಿ ಮಸಾಲೆದೋಸೆ ತಿನ್ನುತ್ತಿದ್ದ. ಅವನನ್ನು ಹುಡುಕಿ, ಕೋಳಿ ಒಪ್ಪಿಸಿ, ಬಾಣಂತಿಯ ಆರೋಗ್ಯ ವಿಚಾರಿಸಿ ಹೊರಬರುವಾಗ ಬಿಸಿಲೇರಿತ್ತು. ರೊಸಾರಿಯೊ ಕಾರ್ಕಳದ ಬಸ್ಸಿನಲ್ಲಿ ಎರಡು ಸೀಟು ಹಿಡಿದು ಕುಳಿತಿರುವುದೆಂದೂ, ಬೆಂಜಮಿನ್ ಗುಳ್ಳ ಮುಟ್ಟಿಸಿ ಓಡಿ ಬರುವುದೆಂದೂ ಮಾತಾಯಿತು. ಇದು ಯೋಜನೆಯೇ ಆಗಲಿಲ್ಲವೇ ಎಂದು ಬೆಂಜಮಿನನಿಗೆ ಸಂಶಯ ಬಂತು. “ಹೇಳಿದ್ದು ನಾನು, ನೀನು ಆಯಿತು ಅಂದದ್ದು ಮಾತ್ರ,” ಎಂದು ರೊಸಾರಿಯೊ ಸಮಾಧಾನ ಮಾಡಿದ.

ನರ್ಮದಮ್ಮ ಬುಟ್ಟಿಯನ್ನು ಜಗಲಿಯ ತುದಿಯಲ್ಲಿ ಇಡಿಸಿಕೊಂಡು, ಅದರ ಮೇಲೆ ನೀರು ಚಿಮುಕಿಸಿ, ಆಮೇಲೆ ಮುಟ್ಟಿದರು. ಅದಾದ ಮೇಲೆ ತುಂಬ ಪ್ರೀತಿಯಿಂದ ಮಾತಾಡಿದರು.

“ಮಧ್ಯಾಹ್ನದ ಹೊತ್ತಿಗೆ ಬಂದವರು ಉಣ್ಣದೆ ಹೋಗಬಾರದು. ಈ ಗುಳ್ಳದ್ದೇ ಹುಳಿ ಮಾಡುತ್ತೇನೆ. ಇವರ ಪೂಜೆ ಒಂದು ಮುಗಿಯಲಿ. ಕೂತುಕೊಳ್ಳಿ.”

“ಅಮ್ಮ, ನನಗೆ ಬಸ್ಸು,” ಎಂದು ಬಾಯಿ ತೆರೆದವನು, ಅದು ಇಲ್ಲ ಎನ್ನುವುದರ ಇನ್ನೊಂದು ರೂಪವೆಂದು ಹೊಳೆದು, “ಆಯಿತು,” ಎಂದು ಅಂಗಳದ ಮೂಲೆಯ ಕಲ್ಲಿನ ಮೇಲೆ ಕುಳಿತ. ಒಳಗೆ ನರ್ಮದಮ್ಮನ ಯಜಮಾನರು ಗಂಟೆ ಅಲ್ಲಾಡಿಸಿದರು, ನಿಲ್ಲಿಸಿದರು, ಮುಗಿಯಿತೆಂದು ಬೆಂಜಮಿನ್ ಎದ್ದು ನಿಂತ ಮೇಲೆ ಮತ್ತೆ ಅಲ್ಲಾಡಿಸಿದರು. ತನ್ನನ್ನು ಕಾಯಿಸುವ ವಿಷಯದಲ್ಲಿ ಎಲ್ಲ ಧರ್ಮದವರೂ ಒಂದೇ ಎಂದು ಅವನಿಗೆ ಮನವರಿಕೆಯಾಯಿತು. ಕೊನೆಗೆ ಅಂಗಳದಲ್ಲೇ ಎಲೆ ಬಿತ್ತು. ಹುಳಿ ಅದ್ಭುತವಾಗಿತ್ತು, ಆ ದಿನ ಅವನಿಗೆ ಆದ ಒಳ್ಳೆಯದು ಅದೊಂದೇ. ಉಂಡ ಮೇಲೆ ನರ್ಮದಮ್ಮ ಒಂದು ತೆಂಗಿನ ಗೆರಟೆಯಲ್ಲಿ ಸೆಗಣಿನೀರು ತಂದಿಟ್ಟು, ಸ್ವಲ್ಪ ಸಂಕೋಚದಿಂದಲೇ ಹೇಳಿದರು.

“ಎಲೆ ತೆಗೆದು ಆ ಜಾಗಕ್ಕೆ ಒಂದಿಷ್ಟು ಬಳಿದುಬಿಡುತ್ತೀರಾ? ನಮ್ಮಲ್ಲಿ ಹಾಗೆ. ಬೇಸರ ಮಾಡಬೇಡಿ.”

ಬೇಸರವಾಯಿತು. ಆದರೂ ಆಯಿತು ಎಂದ. ಕುಕ್ಕರುಗಾಲಲ್ಲಿ ಕುಳಿತು ಬಳಿಯುವಾಗ ಬಲಗಾಲಿನ ಪ್ಯಾಂಟೂ ಎಡಗಾಲಿನದಕ್ಕೆ ಜೊತೆಯಾಯಿತು.

ಅವನು ಏದುಸಿರು ಬಿಡುತ್ತ ಬಸ್ ಸ್ಟ್ಯಾಂಡಿಗೆ ಬಂದಾಗ ಕಾರ್ಕಳದ ಬಸ್ಸು ಹೊರಟು ನಿಂತಿತ್ತು. ಡ್ರೈವರನ ಹಿಂದಿನ ಕಿಟಕಿಯ ಬದಿಯಲ್ಲಿ ಸಾಕ್ಷಾತ್ ಫಾದರ್ ಜಾರ್ಜ್ ಕುಳಿತಿದ್ದರು. ಅವರ ಮುಂದಿನ ರೆತಿರ್ ಬಜಗೋಳಿಯಲ್ಲಂತೆ. ಪಕ್ಕದ ಸೀಟಿನಲ್ಲಿ ರೊಸಾರಿಯೊ. ಅವನ ಪಕ್ಕದಲ್ಲಿ ಬೆಂಜಮಿನನಿಗಾಗಿ ಕರವಸ್ತ್ರ ಹಾಸಿಟ್ಟ ಒಂದು ಖಾಲಿ ಜಾಗ.

“ನೀನೇ ಬೆಂಜಮಿನ್ ಅಲ್ವಾ?” ಎಂದರು ಪಾದ್ರಿಗಳು. “ರೊಸಾರಿಯೊ ಎಲ್ಲ ಹೇಳಿದ. ಇಪ್ಪತ್ತು ವರ್ಷದಿಂದ ನಾನು ಈ ಪ್ರವಚನ ಮಾಡುತ್ತಿದ್ದೇನೆ. ನಿಜವಾಗಿ ಹಾಗೆ ಮಾಡಿದವನನ್ನು ಇವತ್ತೇ ನೋಡಿದ್ದು.” ಅವರ ಮುಖದಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. “ಪುತಾ, ನನ್ನ ಈ ಪೆಟ್ಟಿಗೆಯಲ್ಲಿ ಗಾಜು ಹಾಕಿದ ಪವಿತ್ರ ಪಟಗಳು ಉಂಟು. ಬಸ್ಸಿನ ಮೇಲೆ ಹಾಕಿದರೆ ಒಡೆದುಹೋಗುತ್ತವೆ. ನಿನ್ನ ಸೀಟನ್ನು ಇದಕ್ಕೆ ಬಿಟ್ಟುಕೊಡುತ್ತೀಯಾ?”

“ಆಯಿತು, ಪದ್ರಾಬ್. ನಾನು ನಿಂತು ಬರುತ್ತೇನೆ.”

“ನಿಲ್ಲಲಿಕ್ಕಿಲ್ಲ,” ಎಂದ ಕಂಡಕ್ಟರ್. “ಚೆಕ್ಕಿಂಗ್ ಉಂಟು. ಇಳಿಯಿರಿ.”

ಬೆಂಜಮಿನ್ ಇಳಿದ. ಕಿಟಕಿಯ ಹತ್ತಿರ ಬಂದು ಕೇಳಿದ, “ಪದ್ರಾಬ್, ನಿಮಗೆ ಮುಂದಿನ ಸೀಟು ಹೇಗೆ ಸಿಕ್ಕಿತು?”

“ಸೋಮವಾರವೇ ಜನ ಕಳುಹಿಸಿ ಹೇಳಿಸಿಟ್ಟಿದ್ದೆ. ಈ ಬಸ್ಸುಗಳನ್ನು ನಂಬಿ ಹೊರಡಲಿಕ್ಕೆ ಆಗುತ್ತದಾ? ನನ್ನ ಮೂರು ತಿಂಗಳ ಕಾರ್ಯಕ್ರಮ ನಿಶ್ಚಯವಾಗಿದೆ, ಒಂದು ದಿನ ತಪ್ಪಿದರೆ ಎಲ್ಲ ತಪ್ಪುತ್ತದೆ.” ಪಾದ್ರಿಗಳು ಕಿಟಕಿಯಿಂದ ಕೈ ಹೊರಹಾಕಿ ಅವನ ತಲೆಯ ಮೇಲಿಟ್ಟು ಬೆಸಾಂವ್, ಅಂದರೆ ಆಶೀರ್ವಾದ, ಕೊಟ್ಟರು. “ನೀನು ಭರವಸೆ ಬಿಡಬೇಡ. ಮುಂದಿನ ಬಸ್ಸು ಉಂಟಲ್ಲ.”

“ನಾನು ಮೊದಲು ಹೋಗಿ ಅವರಿಗೆ ಹೇಳಿ ಕೂರಿಸಿರುತ್ತೇನೆ,” ಎಂದ ರೊಸಾರಿಯೊ. “ನೀನು ಅವಸರ ಮಾಡಬೇಡ ಮಾರಾಯ. ಎಲ್ಲ ದೇವರ ಚಿತ್ತ.” ಬೆಳಗ್ಗೆ ಕೋಳಿಗೆ ಸಿಡುಕಿದವನ ಬಾಯಲ್ಲಿ ಈಗ ಇಷ್ಟೊಂದು ಭಕ್ತಿ ಹೇಗೆ ಬಂತೆಂದು ಬೆಂಜಮಿನ್ ಯೋಚಿಸಬಹುದಿತ್ತು. ಆದರೆ ಯೋಚನೆಯನ್ನು ಅವನು ಆ ದಿನದ ಮಟ್ಟಿಗೆ ಬಿಟ್ಟುಕೊಟ್ಟಿದ್ದ.

ಮುಂದಿನ ಬಸ್ಸು ಬಂತು, ತಡವಾಗಿ. ಮಣಿಪಾಲದ ಏರಿನಲ್ಲಿ ಅದು ಬುಸುಗುಟ್ಟಿ ನಿಂತಿತು. ಕಂಡಕ್ಟರ್ ಎಲ್ಲರನ್ನೂ ಇಳಿದು ತಳ್ಳಲು ಕೇಳಿದ. ವಕೀಲರೊಬ್ಬರಿಗೆ ಸೊಂಟನೋವು ಶುರುವಾಯಿತು, ಜವಳಿ ವ್ಯಾಪಾರಿಯೊಬ್ಬರಿಗೆ ಉಬ್ಬಸ; ಹೊಸ ಮೆಡಿಕಲ್ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಇಷ್ಟು ದೂರ ನಡೆದೇ ಹೋಗಬಹುದೆಂದು ನಡೆದೇಬಿಟ್ಟರು. ಕಂಡಕ್ಟರ್ ಬೆಂಜಮಿನನ ಕಡೆ ತಿರುಗಿದ. ಬೆಂಜಮಿನ್ ಆಯಿತು ಎಂದು ಬೂಟಿನ ಹಿಮ್ಮಡಿಯೂರಿ ತಳ್ಳಿದ. ಗುಡ್ಡ ಕಡಿದು ಹಾಕಿದ ಕೆಂಪು ಮಣ್ಣು ಚಕ್ರದಡಿಯಿಂದ ಎದ್ದು ಕೋಟಿನ ಮೇಲೆ ಕುಳಿತಿತು. ಹಿರಿಯಡ್ಕದ ಹತ್ತಿರ ಇನ್ನೊಮ್ಮೆ ತಳ್ಳುವಾಗ ಕಂಡಕ್ಟರ್ ಕೇಳಲೂ ಇಲ್ಲ, ಅವನನ್ನು ನೋಡಿದ ಅಷ್ಟೆ.

ತಳ್ಳುತ್ತ ತಳ್ಳುತ್ತ ಬೆಂಜಮಿನನಿಗೆ ಒಂದು ವಿಚಿತ್ರ ಸಮಾಧಾನ ಬಂತು. ಇಷ್ಟೆಲ್ಲ ಆದ ಮೇಲೆ ದೇವರು ತನ್ನ ಪಾಲಿನ ಕೆಲಸ ಮಾಡದೆ ಇರುವುದು ಸಾಧ್ಯವಿಲ್ಲ. ಕೋಳಿ ಹೊತ್ತಾಯಿತು, ಸೆಗಣಿ ಬಳಿದಾಯಿತು, ಬಸ್ಸು ತಳ್ಳಿಯಾಯಿತು. ಇನ್ನು ಉಳಿದದ್ದು ಝೀಟಾ ಒಬ್ಬಳೇ. ದೇವರಿಗೂ ಸ್ವಲ್ಪ ಮರ್ಯಾದೆ ಇರುತ್ತದೆ ಎಂದು ಅವನು ನಂಬಿದ.

ಕಾರ್ಕಳದಲ್ಲಿ ಇಳಿದಾಗ ಗೊಮ್ಮಟನ ಬೆಟ್ಟದ ನೆರಳು ಉದ್ದವಾಗಿತ್ತು. ಮಿನೇಜಸರ ಮನೆಯ ಜಗಲಿಯಲ್ಲಿ ಅಜ್ಜಿ ಜಪಮಾಲೆ ಹಿಡಿದು ಕುಳಿತಿದ್ದರು. ಬೆಂಚಿನ ಈ ತುದಿಯಲ್ಲಿ ರೊಸಾರಿಯೊ, ಆ ತುದಿಯಲ್ಲಿ ಝೀಟಾ, ನಡುವೆ ಖಾಲಿಯಾದ ಎರಡು ಕಾಫಿ ಲೋಟ. ರೊಸಾರಿಯೊ ಏನೋ ಹೇಳಿದ, ಅವಳು ನಕ್ಕಳು. ಬೆಂಜಮಿನ್ ಗೇಟಿನಲ್ಲೇ ನಿಂತುಬಿಟ್ಟ. ಅವಳು ಅವನು ಅಂದುಕೊಂಡದ್ದಕ್ಕಿಂತ ಚೆಂದವಿದ್ದಳು. ಆ ನಗೆಯನ್ನು ತನ್ನ ಅಡುಗೆಮನೆಯಲ್ಲಿ ಕೇಳಿದಂತೆ ಅವನಿಗೆ ಒಂದು ಕ್ಷಣ ಅನಿಸಿತು, ಎದೆ ತುಂಬಿ ಬಂತು.

ಝೀಟಾ ಎದ್ದು ಬಂದಳು. ಅವನ ಪ್ಯಾಂಟು, ಕೋಟು, ಮುಖ ಈ ಕ್ರಮದಲ್ಲಿ ನೋಡಿದಳು.

“ನೀವು ಬೆಂಜಮಿನ್ ಅಲ್ವಾ? ಬನ್ನಿ. ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಕಷ್ಟ. ಕ್ರಿಸ್ಮಸ್ಸಿನ ಮೊದಲು ನಮ್ಮಲ್ಲಿಯೂ ನಿಮ್ಮ ಫಾದರ್ ಜಾರ್ಜ್ ಅವರೇ ರೆತಿರ್ ಮಾಡಿದರು. ನಾನೂ ಕೂತು ಕೇಳಿದವಳು. ಆಯ್ಕೆ ಮಾಡಿ ಮಾಡಿ ನನಗೂ ಸಾಕಾಗಿತ್ತು. ಹಾಗಾಗಿ ದೇವರ ಹತ್ತಿರ ಹೇಳಿದೆ, ಗುರುವಾರ ಮೂರು ಗಂಟೆಗೆ ನೀನು ಯಾರನ್ನು ಕಳುಹಿಸುತ್ತೀಯೋ ಅವನಿಗೆ ಆಯಿತು ಅನ್ನುತ್ತೇನೆ ಅಂತ.” ಅವಳು ರೊಸಾರಿಯೊನ ಕಡೆ ನೋಡಿದಳು. “ಮೂರು ಗಂಟೆಗೆ ಇವರು ಬಂದರು.”

ರೊಸಾರಿಯೊ ತಲೆ ತಗ್ಗಿಸಿ ಬೂಟಿನ ಲೇಸು ನೋಡುತ್ತಿದ್ದ. ಆ ಬೂಟಿಗೆ ಒಂದು ಚೂರು ಧೂಳಿರಲಿಲ್ಲ.

“ನಾನು ಎಂತ ಮಾಡಲಿ ಮಾರಾಯ,” ಎಂದ ಅವನು. “ನಿನ್ನ ಗುಣ ಹೇಳಲಿಕ್ಕೆ ಅಂತ ಆರು ಸಲ ಬಂದೆ. ಪ್ರತಿ ಸಲ ಹೇಳಿ ಮುಗಿದ ಮೇಲೆ ಬೇರೆ ಮಾತು ಬರುತ್ತಿತ್ತು. ನಾನಾಗಿ ಕೇಳಲಿಲ್ಲ, ದೇವರಾಣೆ. ಇವತ್ತು ಟೀಚರೇ ಹೇಳಿದರು. ದೇವರ ಚಿತ್ತಕ್ಕೆ ಇಲ್ಲ ಅನ್ನುವುದು ಹೇಗೆ? ನೀನೇ ಹೇಳು.”

ಅದಕ್ಕೆ ಏನು ಹೇಳಬೇಕೆಂದು ಬೆಂಜಮಿನನಿಗೆ ಗೊತ್ತಿತ್ತು. ಬೆಳಗ್ಗಿನಿಂದ ಅವನು ಅದನ್ನೇ ಹೇಳುತ್ತ ಬಂದಿದ್ದ. ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ಕೆಂಪು ಮಣ್ಣಿನೊಟ್ಟಿಗೆ ನುಂಗಿದ.

“ಇನ್ನೊಂದು ಉಂಟು,” ಎಂದಳು ಝೀಟಾ, ಸ್ವರ ತಗ್ಗಿಸಿ. “ಅಪ್ಪನ ಲಾರಿ ತಡವಾಯಿತು, ಈಗಷ್ಟೇ ಬಂದು ಮುಖ ತೊಳೆಯುತ್ತಿದ್ದಾರೆ. ಅವರು ನಿಮ್ಮಿಬ್ಬರನ್ನೂ ನೋಡಿದವರಲ್ಲ. ರಾಯ್ಬಾರಿ ಇಲ್ಲದೆ ಯಾರು ಕೇಳಿದರೂ ಅವರು ಮಾತು ಕೊಡುವುದಿಲ್ಲ. ಇವರು ತಮಗೆ ತಾವೇ ರಾಯ್ಬಾರಿ ಆಗಲಿಕ್ಕೆ ಆಗುವುದಿಲ್ಲವಲ್ಲ. ಕರೆಜ್ಮದ ಒಳಗೆ ಬೇರೆಯವರನ್ನು ಹುಡುಕಲಿಕ್ಕೂ ಸಮಯ ಇಲ್ಲ.”

“ಹಾಗಾದರೆ?”

“ನೀವು ಕೇಳಬೇಕು. ನೀವು ಇವತ್ತು ಇಲ್ಲ ಅನ್ನುವುದಿಲ್ಲವಂತೆ.”

ಬೆಂಜಮಿನ್ ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಯಾವ ಪೂರ್ವಯೋಜನೆಯೂ ಇಲ್ಲದೆ ಒಂದು ನಿರ್ಧಾರ ಮಾಡಿದ: ಇಲ್ಲ ಎನ್ನಬೇಕು. ದೇವರ ಮುಖಕ್ಕೇ ಹೇಳಬೇಕು. ಅವನು ಉಸಿರೆಳೆದುಕೊಂಡ. ಝೀಟಾ ಅವನನ್ನೇ ನೋಡುತ್ತಿದ್ದಳು; ಆ ಕಣ್ಣಿನಲ್ಲಿ ಹೆದರಿಕೆಯಿತ್ತು, ಆಸೆಯೂ ಇತ್ತು, ಅದು ಯಾವ ಆಸೆಯೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. “ಆಯಿತು,” ಎಂದ.

ಪ್ಯಾಟ್ರಿಕ್ ಮಿನೇಜಸ್ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಜಗಲಿಗೆ ಬಂದರು. ಮರದ ದಿಮ್ಮಿಗಳೊಂದಿಗೆ ಬಾಳಿ ಅವರೂ ಹಾಗೆಯೇ ಆಗಿದ್ದರು. ಮಣ್ಣು ಮೆತ್ತಿದವನನ್ನೂ ಶುಭ್ರವಾಗಿದ್ದವನನ್ನೂ ನೋಡಿ, ರಾಯ್ಬಾರಿ ಯಾರು, ಗಂಡು ಯಾರು ಎಂದು ಕೇಳುವ ಅಗತ್ಯವೇ ಅವರಿಗೆ ಕಾಣಲಿಲ್ಲ.

“ಹೇಳಿ ರಾಯ್ಬಾರಿಗಳೇ,” ಎಂದು ಬೆಂಜಮಿನನ ಎದುರು ಕುಳಿತರು.

ಬೆಂಜಮಿನ್ ಎದ್ದು ನಿಂತ. ಬೆಂಜಮಿನನ ಬಗ್ಗೆ ಹೇಳಲೆಂದು ರೊಸಾರಿಯೊ ತಿಂಗಳಿನಿಂದ ಅಭ್ಯಾಸ ಮಾಡಿದ ಮಾತುಗಳು ಅವನಿಗೂ ಕೇಳಿ ಕೇಳಿ ಬಾಯಿಪಾಠವಾಗಿದ್ದವು. ಅವನ್ನೇ ರೊಸಾರಿಯೊನಿಗೆ ಹೊಂದಿಸಿ ಹೇಳಿದ. ಒಳ್ಳೆಯ ಮನೆತನ, ಸಾಧು ಸ್ವಭಾವ, ಕೈಯಲ್ಲಿ ಕೆಲಸ. ಕುಡಿತದ ಬಗ್ಗೆ ಕೇಳಿದಾಗ, ಸಂತರ ಹಬ್ಬದ ದಿನ ಬಿಟ್ಟರೆ ಮುಟ್ಟುವುದಿಲ್ಲ ಎಂದ. ಇಗರ್ಜಿಯ ಪಂಚಾಂಗದಲ್ಲಿ ಯಾವುದಾದರೂ ಸಂತರ ಹಬ್ಬವಿಲ್ಲದ ದಿನ ಸಿಗುವುದೇ ಕಷ್ಟವೆಂಬುದನ್ನು ಹೇಳಲಿಲ್ಲ. ಮೊದಲ ಹೆಂಡತಿಯನ್ನು ಚೆನ್ನಾಗಿ ನೋಡಿಕೊಂಡಿದ್ದ ಎಂದ, ಅದು ನಿಜವಾಗಿತ್ತು. “ನಿಮ್ಮ ಮಗಳು ಅವನ ಮನೆಯಲ್ಲಿ ನಗುತ್ತಾಳೆ,” ಎಂದೂ ಸೇರಿಸಿದ. ಅದು ರೊಸಾರಿಯೊ ಅಭ್ಯಾಸ ಮಾಡಿದ್ದರಲ್ಲಿ ಇರಲಿಲ್ಲ.

ಮಿನೇಜಸರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. “ನಲವತ್ತು ವರ್ಷದಲ್ಲಿ ಹತ್ತಾರು ರಾಯ್ಬಾರಿಗಳ ಮಾತು ಕೇಳಿದ್ದೇನೆ. ಎಲ್ಲ ಬಾಯಿಂದ ಬರುವುದು. ನಿಮ್ಮದು ಹೊಟ್ಟೆಯಿಂದ ಬಂತು. ನಿಮ್ಮ ಮಾತಿನ ಮೇಲೆಯೇ ಹುಡುಗಿಯನ್ನು ಕೊಟ್ಟೆ.” ಒಳಗಿನಿಂದ ದ್ರಾಕ್ಷಾರಸದ ಬಾಟಲಿ ಬಂತು. ಯಾರದೋ ಹಬ್ಬವೆಂದು ರೊಸಾರಿಯೊ ದೊಡ್ಡ ಗ್ಲಾಸನ್ನೇ ತೆಗೆದುಕೊಂಡ.

ಎರಡನೆಯ ಗ್ಲಾಸು ಮುಗಿಸುವಾಗ ಮಿನೇಜಸರಿಗೆ ಏನೋ ನೆನಪಾಯಿತು.

“ಅಲ್ಲ, ಮೊದಲು ಬೇರೆ ಒಬ್ಬನ ಸುದ್ದಿ ಇತ್ತಲ್ವಾ? ಕಟಪಾಡಿಯವ, ಬೆಂಜಮಿನ್ ಅಂತ. ಅವನೇ ಇವತ್ತು ಬರುವುದು ಅಂತ ನಾನು ಹೊರಟದ್ದು. ಅವ ಎಂತ ಆದ?”

ಝೀಟಾ ಗ್ಲಾಸು ತೊಳೆಯಲು ಒಳಗೆ ಹೋದಳು. ರೊಸಾರಿಯೊನ ಗಂಟಲಲ್ಲಿ ದ್ರಾಕ್ಷಾರಸ ಸಿಕ್ಕಿಕೊಂಡಿತು.

“ಅವನು,” ಎಂದ ಬೆಂಜಮಿನ್ ನಿಧಾನವಾಗಿ, “ಯೋಜನೆ ಹಾಕುವುದನ್ನು ಬಿಟ್ಟಿದ್ದಾನೆ. ಎಲ್ಲ ದೇವರಿಗೆ ಒಪ್ಪಿಸಿದ್ದಾನೆ. ಯಾರು ಎಂತ ಕೇಳಿದರೂ ಆಯಿತು ಅನ್ನುತ್ತಾನೆ.”

“ಹಾಗಾ?” ಮಿನೇಜಸರು ಗ್ಲಾಸು ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. “ದೇವರು ದೊಡ್ಡವನು. ಅಂಥವನ ಕೈಯಿಂದ ನನ್ನ ಮಗಳನ್ನು ಉಳಿಸಿದ. ಏನು ಹೇಳುತ್ತೀರಿ ರಾಯ್ಬಾರಿಗಳೇ, ನಾಳೆ ಬೆಳಗ್ಗೆ ಇದಕ್ಕಾಗಿ ಒಂದು ಸ್ತೋತ್ರದ ಪೂಜೆ ಹೇಳಿಸಬೇಕಲ್ವಾ? ನೀವೂ ಇದ್ದು ಹೋಗಿ.”

ಬೆಂಜಮಿನ್ ತನ್ನ ಪ್ಯಾಂಟಿನ ಮೇಲಿದ್ದ ಒಣ ಮಣ್ಣನ್ನು ಕೊಡವಿಕೊಂಡ. ಮಲಗುವ ಹೊತ್ತು ಇನ್ನೂ ದೂರವಿತ್ತು.

“ಆಯಿತು,” ಎಂದ.